ಬೋಣಿಯ ಹೊತ್ತಿಗೆ ಅತ್ತೆ ಅಲ್ಲಿರಲಿಲ್ಲ

ಮೊದಲ ಅಂಗಡಿಯ ಮೊದಲ ಬೋಣಿಯನ್ನು ಈರವ್ವ ತಾನಾಗಿಯೇ ತಮ್ಮನ ಮಗಳಿಗೆ ಬಿಟ್ಟುಕೊಟ್ಟಳು — ತಳಕಲ್ಲಿನಲ್ಲಿ ಯಾರನ್ನು ಕೇಳಿದರೂ ಹೀಗೇ ಹೇಳುತ್ತಾರೆ. ಮಹಿಳಾ ಸಂಘಕ್ಕೆ ಹೊಸದಾಗಿ ಸೇರಿದ ಹೆಂಗಸರಿಗೆ ಹೇಳುವ ಮೊದಲ ಕಥೆಯೇ ಇದು. “ನಮ್ಮಕ್ಕಂದು ದೊಡ್ಡ ಮನಸು” ಎನ್ನುವಾಗ ಅಪ್ಪನ ದನಿ ಒದ್ದೆಯಾಗುತ್ತದೆ. ಕೇಳಿದವರು ತಲೆದೂಗುತ್ತಾರೆ. ಒಂದು ಸರಳ ಪ್ರಶ್ನೆಯನ್ನು ಮಾತ್ರ ಯಾರೂ ಕೇಳುವುದಿಲ್ಲ — ಇದನ್ನು ಕಂಡವರು ಯಾರು?

ನಮ್ಮೂರಲ್ಲಿ ಕಂಡವರು ಇಬ್ಬರೇ. ಒಬ್ಬಳು ಅತ್ತೆ ಈರವ್ವ. ಇನ್ನೊಬ್ಬಳು ನಾನು, ಆ ತಮ್ಮನ ಮಗಳು, ಈ ಕಥೆ ಕಟ್ಟಿದವಳು. ಅತ್ತೆ ಏನನ್ನೂ ಬಿಟ್ಟುಕೊಡಲಿಲ್ಲ. ಸುಳ್ಳು ಹೇಳಿ ನಾನೇ ಅವಳನ್ನು ಅಲ್ಲಿಂದ ಕಳಿಸಿದೆ — ಅವಳು ವಿಧವೆ ಎಂಬ ಒಂದೇ ಕಾರಣಕ್ಕೆ.

ದಿನದ ಮೊದಲ ಮಾರಾಟ ಬೋಣಿ. ಯಾರ ಕೈಯಿಂದ ಅದು ಆಗುತ್ತದೋ ಆ ಕೈಯ ಗುಣ ಇಡೀ ದಿನದ ವ್ಯಾಪಾರಕ್ಕೆ ಅಂಟುತ್ತದೆಂದು ನಂಬಿಕೆ. ಅತ್ತೆಗೆ ಅದು ಬರೀ ನಂಬಿಕೆಯಾಗಿರಲಿಲ್ಲ. ಗಂಡ ತೀರಿಕೊಂಡ ಮೇಲೆ ಅವಳು ಗಂಗಾವತಿಯ ಒಂದು ಪಾತ್ರೆ ಅಂಗಡಿಯಲ್ಲಿ ಬಹಳ ವರ್ಷ ದುಡಿದಳು. ಎಲ್ಲರಿಗಿಂತ ಮೊದಲು ಹೋಗಿ ಕಸ ಹೊಡೆದು, ಬೋಗುಣಿಗಳನ್ನು ಒರೆಸಿ ಜೋಡಿಸಿ, ಗಿರಾಕಿಗಳು ಬರುವ ಹೊತ್ತಿಗೆ ಹಿಂದಿನ ಗೋದಾಮಿನಲ್ಲಿ ಹೋಗಿ ಕೂರಬೇಕು. ಬೋಣಿಯಾದ ಮೇಲೆ ಮಾಲೀಕ ಕೆಮ್ಮುತ್ತಿದ್ದ. ಆ ಕೆಮ್ಮು ಕೇಳಿದರೆ ಹೊರಗೆ ಬರಬಹುದು. “ಒಮ್ಮೊಮ್ಮೆ ಅವಗ ಖರೇನ ನೆಗಡಿ ಆಗಿರ್ತಿತ್ತು, ನಾ ಹೊರಗ ಬಂದುಬಿಡ್ತಿದ್ದೆ” ಎಂದು ಹೇಳಿ ಅತ್ತೆ ತಾನೇ ನಗುತ್ತಿದ್ದಳು.

ಆ ಕೆಮ್ಮನ್ನು ನಾನು ಕೊಪ್ಪಳದ ವೇದಿಕೆಯ ಮೇಲೆ ಕೆಮ್ಮಿ ತೋರಿಸಿದ್ದೇನೆ. ಕಾಲೇಜಿನ ಚರ್ಚಾಸ್ಪರ್ಧೆ, ಮೂಢನಂಬಿಕೆಯ ವಿರುದ್ಧದ ಪಕ್ಷ ನನ್ನದು. ಸಭೆ ನಕ್ಕಿತು, ಆಮೇಲೆ ಚಪ್ಪಾಳೆ. ಮೊದಲ ಬಹುಮಾನದ ಕಪ್ಪನ್ನು ತಂದು ಅತ್ತೆಯ ಕೈಗೇ ಕೊಟ್ಟೆ. ಅವಳು ಅದನ್ನು ಬೆರಳಿನಿಂದ ತಟ್ಟಿ, “ತಗಡು ತೆಳು ಐತಿ. ಸೌಟು ಇಡಾಕ ಆಗತೈತಿ” ಎಂದಳು. ಇಟ್ಟಳು ಕೂಡ.

ಗಂಗಾವತಿಯಲ್ಲಿ ಮಹಿಳಾ ಸಂಘಗಳ ಮಾರಾಟ ಮೇಳ ನಡೆಯುತ್ತದೆಂದು ತಿಳಿದದ್ದು ಇದಾದ ಮರುವರ್ಷ. ಸ್ವಂತ ಅಂಗಡಿ ಹಾಕುತ್ತೇನೆಂದು ಅತ್ತೆ ಹಟ ಹಿಡಿದಳು. ಅದೇ ಊರು; ಆದರೆ ಈ ಸಲ ಒಂದು ಮೇಜು, ಮೇಲೊಂದು ಶಾಮಿಯಾನ — ಹಿಂದೆ ಗೋದಾಮಿಲ್ಲ.

ಅಂಗಳದಲ್ಲಿ ಎರಡು ಮಂಚ ಕೂಡಿಸಿ ತಾಲೀಮು ನಡೆಸಿದೆವು. ಕಬ್ಬಿಣದ ರೊಟ್ಟಿ ಹಂಚುಗಳನ್ನು ಅವಳು ವಾರಗಟ್ಟಲೆ ಎಣ್ಣೆ ಹಚ್ಚಿ, ಕಾಯಿಸಿ, ಉಳ್ಳಾಗಡ್ಡಿ ತಿಕ್ಕಿ ಪಳಗಿಸಿದ್ದಳು; ಮನೆಯೆಲ್ಲ ಅದೇ ವಾಸನೆ, ನನ್ನ ಪುಸ್ತಕಗಳಿಗೂ. ಪರಾತ, ಸಾಣಿಗೆ, ಈಳಿಗೆ, ಚರಿಗೆ ಒಂದೊಂದಾಗಿ ಮಂಚ ಏರಿದವು. ಬಹುಮಾನದ ಕಪ್ಪಿನಲ್ಲಿ ಸೌಟುಗಳು.

“ಹಂಚು ಹಿಂದ ಇಡೂಣು ಅತ್ತಿ. ಕರೀ ಸಾಮಾನು ಮುಂದಿದ್ರ ಯಾರು ಬರ್ತಾರ? ಸ್ಟೀಲ್ ಮುಂದಿರಲಿ, ಹೊಳೀತೈತಿ.”

“ಹೊಳಿಯೂದು ಎಲ್ಲಾ ಅಂಗಡ್ಯಾಗೂ ಇರತೈತಿ. ನನ್ನ ಕರೀ ಮಕ್ಕಳು ಮುಂದ ಇರಲಿ. ಹಿಂದ ಕುಂತು ಸಾಕಾಗೇತಿ.”

ಮೇಜಿಗೆ ಹಾಸಲು ತನ್ನ ಹಳೆಯ ಹಸಿರು ಇಳಕಲ್ ಸೀರೆ ತೆಗೆದಳು. ಅಂಚು ಒಂದು ಕಡೆ ಹರಿದಿತ್ತು. ಅಷ್ಟನ್ನು ಸೀಳಿ, ಸಾಮಾನು ಸುತ್ತಿಕೊಡಲು ಕೂಡಿಟ್ಟಿದ್ದ ಹಳೆಯ ಪೇಪರನ್ನು ಅದರಿಂದಲೇ ಬಿಗಿದು ಕಟ್ಟಿದಳು. ಗಂಟು ಹಾಕುತ್ತ, ತಲೆ ಎತ್ತದೆ ಹೇಳಿದಳು:

“ಬೋಣಿ ಮಾತ್ರ ನನ್ನ ಕೈಲೇ ಆಗಬೇಕ ನೋಡವಾ. ಅದೇ ಗಂಗಾವತ್ಯಾಗ.”

“ಬೋಣಿ ಗೀಣಿ ಎಲ್ಲಾ ಸುಳ್ಳು ಅತ್ತಿ. ಮೊದಲ ಗಿರಾಕಿಗೂ ಕಡೀ ಗಿರಾಕಿಗೂ ಏನ ಫರಕ?”

“ಸುಳ್ಳಾದ್ರ ನನಗ ಬಿಟ್ಟುಕೊಡು ವಕೀಲವ್ವ. ನಿನಗೇನ ಹೋಗೂದೈತಿ ಅದ್ರಾಗ?”

ಸೋತೆನೆಂದು ನಕ್ಕೆ. ಬೋಣಿ ಬಿಟ್ಟುಕೊಡುತ್ತೇನೆಂದು ಮಾತು ಕೊಟ್ಟೆ.

ಮೇಳದ ಬೆಳಿಗ್ಗೆ ಅಪ್ಪ ಸಾಮಾನು ಇಳಿಸಿ, ಟಂಟಂ ಗಾಡಿ ನಿಲ್ಲಿಸಲು ದೂರ ಹೋಗಿದ್ದ. ಅತ್ತೆ ಮೇಜಿನ ಮುಂದೆಯೇ ನಿಂತಿದ್ದಳು — ಎಣ್ಣೆ ಹಚ್ಚಿ ಬಾಚಿದ ತಲೆ, ಇಸ್ತ್ರಿ ಸೀರೆ, ಬರೀ ಹಣೆ. ತಾಯಿ, ಮಗಳು ಇಬ್ಬರು ಬಂದರು. ಮಗಳ ಕೈತುಂಬ ಹೊಸ ಹಸಿರು ಬಳೆ. ಮದುವೆಯ ಸಾಮಾನಿಗೆ ಬಂದವರೆಂದು ಹೇಳಬೇಕಾಗಿರಲಿಲ್ಲ. ತಾಯಿ ಒಂದು ಹಂಚು ಎತ್ತಿಕೊಂಡಳು. ಬೆಲೆ ಕೇಳಲು ತಲೆ ಎತ್ತಿದವಳು ಅತ್ತೆಯ ಮುಖ ನೋಡಿದಳು. ನೋಡುತ್ತಲೇ ನಿಂತಳು.

ಅಷ್ಟೇ. ಯಾರೂ ಏನೂ ಅನ್ನಲಿಲ್ಲ. ಎದುರಾಳಿ ಹೂಡದ ವಾದಕ್ಕೆ ಉತ್ತರ ಕೊಡಬಾರದು ಎಂದು ಚರ್ಚಾಸ್ಪರ್ಧೆಗೆ ನಮಗೆ ಕಲಿಸಿದ್ದರು. ನಾನು ಕೊಟ್ಟೆ.

“ಅತ್ತಿ, ಸುತ್ತಾಕ ಪೇಪರ್ ಇಲ್ಲ. ಎಲ್ಲೆರ ಸಿಗತಾವೇನ ನೋಡಿ ಬಾ.”

ಪೇಪರಿನ ಕಟ್ಟು ಮೇಜಿನ ಕೆಳಗೆ ನನ್ನ ಕಾಲಿಗೆ ತಾಗಿಕೊಂಡೇ ಇತ್ತು. ಹಿಮ್ಮಡಿಯಿಂದ ಒಳಗೆ ತಳ್ಳಿದೆ.

ಅತ್ತೆ ನನ್ನ ಕಡೆ ತಿರುಗಿದಳು. “ಈಗ?”

“ಈಗ.”

ಹೋದಳು.

ಆ ತಾಯಿ ಕೇಳಿದಳು: “ಆ ಹಿರ್ಯಾರು ಎಲ್ಲಿ ಹೋದ್ರು? ಅವರನ್ನೊಂದು ಮಾತು ಕೇಳಬೇಕಂತಿದ್ದೆ. ನಾವು ಮರಳಿ ಊರಿನವರು ನೋಡವಾ, ಅನ್ನ ಉಣ್ಣೂ ಮಂದಿ. ಮಗಳನ್ನ ಯಲಬುರ್ಗಾ ಕಡೆ ಕೊಟ್ಟೀವಿ, ಅಲ್ಲಿ ದಿನಾ ರೊಟ್ಟಿ. ಹಂಚು ಹೆಂಗ ಜ್ವಾಕಿ ಮಾಡೂದು ಅಂತ ಅಂಥಾರು ಹೇಳಿದ್ರ ಈಕಿ ತಲಿಗೆ ಹತ್ತತೈತಿ. ಬರಲಿ, ಕಾಯ್ತೀವಿ.”

ಕಾಯ್ತೀವಿ ಎಂದಳು. ಆಗಲಾದರೂ — ಅತ್ತೆ ಇನ್ನೂ ಅಂಗಡಿಗಳ ಸಾಲು ದಾಟಿರಲಿಲ್ಲ, ಬೆನ್ನು ಕಾಣುತ್ತಿತ್ತು, ಒಂದು ಕೂಗು ಸಾಕಿತ್ತು. ಆದರೆ ಕೂಗಿದರೆ ನನ್ನ ಪೇಪರಿನ ಸುಳ್ಳಿನ ಗತಿ? ಅದಕ್ಕಿಂತ, ಆ ಸುಳ್ಳಿನ ಹಿಂದಿದ್ದ ನನ್ನ ಮುಖ?

“ಅವರು ಬರೂದು ತಡ ಆಗತೈತ್ರಿ. ನಾನ ಹೇಳ್ತೀನಿ ತಗೋರಿ” ಎಂದೆ.

ಹೇಳಿದೆ. ಚೆನ್ನಾಗಿಯೇ ಹೇಳಿದೆ, ಅತ್ತೆಯ ಮಾತುಗಳನ್ನೇ. ಹಂಚನ್ನು ಹಾಗೇ ಅವರ ಚೀಲಕ್ಕಿಳಿಸಿದೆ — ಪೇಪರ್ ಇರಲಿಲ್ಲವಲ್ಲ. ನೋಟು ಕೈಗೆ ಬಂದಾಗ, ಇದೆಲ್ಲ ಸುಳ್ಳೆಂದು ಸಾಧಿಸಿ ಗೆದ್ದವಳು, ಅದನ್ನು ಎರಡೂ ಕಣ್ಣಿಗೆ ಒತ್ತಿಕೊಂಡೆ. ಬಹುಮಾನದ ಆ ಕಪ್ಪು ಪಕ್ಕದಲ್ಲೇ ಸೌಟು ಹೊತ್ತುಕೊಂಡು ನಿಂತಿತ್ತು.

ಮೂಢನಂಬಿಕೆ ಎಲ್ಲಿರುತ್ತದೆಂದು ನಾನು ವೇದಿಕೆಯ ಮೇಲೆ ಬೆರಳು ತೋರಿಸಿ ಹೇಳುತ್ತಿದ್ದೆ: ಗಲ್ಲಾಪೆಟ್ಟಿಗೆಯ ಮೇಲೆ, ಹೊಸ್ತಿಲ ಮೇಲೆ, ಹಿರಿಯರ ತಲೆಯಲ್ಲಿ. ಆ ಬೆಳಿಗ್ಗೆ ಅದು ಮರಳಿಯ ತಾಯಿಯಲ್ಲಿ ಇರಲಿಲ್ಲ. ಅತ್ತೆಯಲ್ಲಿಯೂ ಇರಲಿಲ್ಲ — ಅವಳಿಗೆ ಬೇಕಿದ್ದುದು ಶಕುನವಲ್ಲ, ಜಾಗ.

ಅತ್ತೆ ಪೇಪರ್ ಹಿಡಿದು ಬಂದಾಗ ಮುಂದಿನ ಸಾಲಿನಲ್ಲಿ ಒಂದು ಹಂಚಿನ ಜಾಗ ಖಾಲಿ ಇತ್ತು.

“ಬೋಣಿ ಆತ?”

“ಆತು.”

“ಛಲೋ ಆತು ಬಿಡು” ಎಂದಳು. ಉಳಿದ ಹಂಚುಗಳನ್ನು ಸರಿಸಿ ಆ ಖಾಲಿ ಜಾಗ ಮುಚ್ಚಿದಳು.

ಊರಿಗೆ ಮರಳುವಾಗ ಅಪ್ಪ ಟಂಟಂ ನಡೆಸುತ್ತ, ಬೋಣಿ ಯಾರ ಕೈಲೆ ಆತು ಎಂದು ಕೇಳಿದ. ನನ್ನ ಬಾಯಿ ಮುಂದಾಯಿತು: “ಅತ್ತೀನ ನನಗ ಮಾಡು ಅಂದ್ಲು.” ಅತ್ತೆ ಒಪ್ಪಿದಳು: “ಹೂಂ. ಹುಡುಗಿ ಕೈ ಛಲೋ ಐತಿ.” ಕಥೆ ಹುಟ್ಟಿದ್ದು ಅಲ್ಲಿ.

ಅದು ಅಲ್ಲಿಗೇ ನಿಂತಿದ್ದರೆ… ನಿಲ್ಲಲಿಲ್ಲ. ನಾಲ್ಕು ವರ್ಷವಾಯಿತು. ಎಷ್ಟೋ ಮೇಳಗಳಲ್ಲಿ ಅಂಗಡಿ ಹಾಕಿದ್ದೇವೆ. ಅಂಗಡಿ ಅವಳ ಹೆಸರಿನಲ್ಲಿದೆ, ಹಂಚುಗಳು ಮುಂದೆಯೇ ಇವೆ. ಆದರೆ ಪ್ರತಿ ಸಲ ಮೊದಲ ಗಿರಾಕಿ ಹತ್ತಿರ ಬರುವ ಮುನ್ನ ಅವಳು ತಾನೇ, “ಪೇಪರ್ ನೋಡಿ ಬರ್ತೀನಿ” ಎಂದು ಎದ್ದು ಹೋಗುತ್ತಾಳೆ. ಜನ ಅದನ್ನು ದೊಡ್ಡ ಮನಸ್ಸು ಎನ್ನುತ್ತಾರೆ. ನಾನು ಒಮ್ಮೆಯೂ ತಡೆಯಲಿಲ್ಲ. ಆ ಮಾಲೀಕನಾದರೂ ಕೆಮ್ಮಿ ಒಳಗಿದ್ದವಳನ್ನು ಹೊರಗೆ ಕರೆಯುತ್ತಿದ್ದ.

ಮುಂದಿನ ಮೇಳ ಕುಷ್ಟಗಿಯಲ್ಲಿ. ನಾನು ಮೇಜಿನ ಹಿಂದೆ ಇರುವುದಿಲ್ಲ. ಪೇಪರ್ ಬೇಕಾದರೆ ತರಲು ಹೋಗುವವಳು ನಾನು. ಅದಕ್ಕೂ ಮೊದಲು ಈ ಬರಹವನ್ನು ಸಂಘದಲ್ಲಿ, ಅಪ್ಪನ ಎದುರಿಗೇ ಓದುತ್ತೇನೆ. ಅತ್ತಿ, ಎಲ್ಲರಿಗಿಂತ ಮೊದಲು ನೀನು ಓದು. ಅಕ್ಷರ ಕೂಡಿಸಿ ಕೂಡಿಸಿ ನಿಧಾನಕ್ಕೆ ಓದು, ಅವಸರವಿಲ್ಲ.

ಗಂಗಾವತಿಯ ಆ ಸಂಜೆ ಸಾಮಾನು ತುಂಬುವಾಗ ಮೇಜಿನ ಕೆಳಗಿಂದ ಪೇಪರಿನ ಆ ಕಟ್ಟನ್ನು ಎಳೆದು ತೆಗೆದವಳು ನೀನೇ. ಹಸಿರು ಅಂಚು ಬಿಚ್ಚದೆ ನೀನು ಹಾಗೇ ಟಂಟಂನಲ್ಲಿ ಇಟ್ಟೆ. ನನ್ನ ಸುಳ್ಳು ನಿನಗೆ ಗೊತ್ತಾದದ್ದು ಆಗ ಎಂದು ಇಷ್ಟು ವರ್ಷ ಅಂದುಕೊಂಡಿದ್ದೆ. ಈಗ ಬರೆಯುತ್ತ ಕುಳಿತಾಗ ಹೊಳೆಯಿತು — ಅದನ್ನು ಕಟ್ಟಿದವಳೂ ನೀನು, ಬೆಳಿಗ್ಗೆ ಅಲ್ಲಿ ಇಟ್ಟವಳೂ ನೀನು. ಪೇಪರ್ ಇಲ್ಲ ಎಂದು ನಾನು ಬಾಯಿ ತೆರೆದಾಗಲೇ ನಿನಗೆ ಗೊತ್ತಿತ್ತು.

ಗೊತ್ತಿದ್ದೂ ಯಾಕ ಹೋದಿ, ಅತ್ತಿ?