ಉಪ್ಪಿಲ್ಲದ ಮೀಸಲು ಬುತ್ತಿ

ನಮ್ಮ ಯಜಮಾನರಿಗೆ ಟೈಫಾಯ್ಡ್ ಜ್ವರ ಬಂದದ್ದು ವಿಶಾಲ ಮೈಸೂರು ರಾಜ್ಯವಾದ ಮರುವರ್ಷ, ದಸರಾ ರಜೆ ಮುಗಿಯುವ ಹೊತ್ತಿಗೆ. ಅವರು ತುಮಕೂರಿನಲ್ಲಿ ಮಿಡ್ಲ್ ಸ್ಕೂಲ್ ಮೇಷ್ಟರು. ಮೂರು ವಾರ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದರು. ಜ್ವರವೇನೋ ಬಿಟ್ಟಿತು, ಊಟ ಮಾತ್ರ ಸೇರಲಿಲ್ಲ. ಗಂಜಿ ಕೊಟ್ಟರೆ ಮುಖ ತಿರುಗಿಸುವರು, ತಿಳಿಸಾರು ಕೊಟ್ಟರೆ ಲೋಟ ಪಕ್ಕಕ್ಕಿಡುವರು. "ಎಲ್ಲಾ ಮಣ್ಣು ತಿಂದಂಗಿದೆ ಕಣೇ, ಬಲವಂತ ಮಾಡ್ಬೇಡ" ಎನ್ನುವರು. ಆಮೇಲಾಮೇಲೆ ಅಷ್ಟು ಮಾತೂ ಇಲ್ಲ.

ಅವರ ಊಟದ ಪ್ರೀತಿ ಕಂಡವರಿಗಷ್ಟೇ ನನ್ನ ಸಂಕಟ ಅರ್ಥವಾದೀತು. ಒಗ್ಗರಣೆಯಲ್ಲಿ ಇಂಗು ಒಂದು ಚಿಟಿಕೆ ಹೆಚ್ಚಾದರೆ ಬಾಗಿಲಲ್ಲೇ ಹೇಳುತ್ತಿದ್ದ ಮನುಷ್ಯ. ಊಟ ಬಿಟ್ಟರೆ ಕಂಪನಿ ನಾಟಕ. ಊರಿಗೆ ಯಾವ ಕಂಪನಿ ಬಂದರೂ ಮೊದಲ ದಿನವೇ ನಾವಿಬ್ಬರೂ ಡೇರೆಯಲ್ಲಿ ಹಾಜರು. ಆ ವಿಷಯದಲ್ಲಿ ಗಂಡನಿಗೆ ತಕ್ಕ ಹೆಂಡತಿ ನಾನು. ಅಂಥವರು ಗೋಡೆ ನೋಡುತ್ತಾ ಮಲಗಿರುತ್ತಿದ್ದರು, ಅಂಗಿ ಮೈಮೇಲೆ ಜೋತಾಡುತ್ತಿತ್ತು.

ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, "ಔಷಧಿ ಮಾಡೋ ಕೆಲಸ ಮುಗೀತಮ್ಮ. ಇನ್ಮೇಲೆ ಅನ್ನ ಕೆಲಸ ಮಾಡ್ಬೇಕು. ಹಿಂಗೇ ಇದ್ರೆ ಹೃದಯ ತಡ್ಕೊಳ್ಳಲ್ಲ. ಸ್ವಲ್ಪ ಗಾಳಿ ಬದಲಾದ್ರೂ ಆಗ್ಲಿ, ಎಲ್ಲಿಗಾದ್ರೂ ನಿಧಾನಕ್ಕೆ ಕರ್ಕೊಂಡ್ ಹೋಗಿ" ಎಂದರು. ಮನೆಗೆ ಬಂದು ದೇವರ ಮುಂದೆ ಕೂತು ಕಣ್ಣೀರು ಹಾಕಿದೆ. ಯಜಮಾನರು ತಾವಾಗಿ ಕೇಳಿ ಒಂದು ತುತ್ತು ಉಣ್ಣುವ ತನಕ ನಾಟಕ ಕಣ್ಣೆತ್ತಿ ನೋಡುವುದಿಲ್ಲ ಎಂದು ಹರಕೆ ಹೊತ್ತೆ. ನಗಬೇಡಿ. ನನ್ನ ಹತ್ತಿರ ಬಿಡುವುದಕ್ಕೆ ಅದಕ್ಕಿಂತ ದೊಡ್ಡದು ಬೇರೆ ಇರಲಿಲ್ಲ.

ನಮ್ಮ ಅತ್ತೆಯವರ ಹರಕೆ ಬೇರೆ. ಕುಣಿಗಲ್ ಹತ್ತಿರದ ಹುತ್ರಿದುರ್ಗದ ಬೆಟ್ಟದ ಶಂಕರೇಶ್ವರ ಅವರ ತವರಿನ ದೇವರು. ಮಗನಿಗೂ ಅದೇ ಹೆಸರಿಟ್ಟಿದ್ದರು. "ಕಾರ್ತಿಕ ಸೋಮವಾರ ಹತ್ರ ಬಂತು, ಶಂಕರನ್ನ ಕರ್ಕೊಂಡು ಮೀಸಲು ಬುತ್ತಿ ತಗೊಂಡು ಹೋಗಾಣ" ಎಂದರು. ಮೀಸಲು ಎಂದರೆ ದೇವರಿಗೆ ತೋರಿಸುವ ಮುಂಚೆ ಯಾರೂ ಬಾಯಿಗಿಡುವಂತಿಲ್ಲ, ಅಡಿಗೆ ಮಾಡಿದವಳು ಉಪ್ಪು ನೋಡುವಂತೆಯೂ ಇಲ್ಲ. ನಾನು ಬೆಳಗಿನ ಜಾವ ತಲೆಗೆ ಸ್ನಾನ ಮಾಡಿ, ಅನ್ನವನ್ನು ಮೆತ್ತಗೆ ಬೇಯಿಸಿ ಮಸೆದು, ದಾರಿಯಲ್ಲಿ ಹುಳಿಯಾಗದ ಹಾಗೆ ಹಾಲು ಸುರಿದು, ಒಂದು ಸೌಟು ಮೊಸರು ಬೆರೆಸಿ, ಶುಂಠಿ ಕರಿಬೇವಿನ ಒಗ್ಗರಣೆ ಕೊಟ್ಟೆ. ಅತ್ತೆ ಅದನ್ನು ಹಿತ್ತಾಳೆ ಡಬರಿಗೆ ತುಂಬಿ, ಮಡಿಬಟ್ಟೆಯಲ್ಲಿ ಗಂಟು ಕಟ್ಟಿ ತೊಡೆಯ ಮೇಲಿಟ್ಟುಕೊಂಡರು. ಇನ್ನು ಆ ಗಂಟು ಬೆಟ್ಟದ ಮೇಲೆಯೇ ಬಿಚ್ಚುವುದು.

ಬಸ್‌ಸ್ಟ್ಯಾಂಡಿನಲ್ಲಿ ಎರಡು ಬಸ್ಸು ಹೊಗೆಯುಗುಳುತ್ತಾ ನಿಂತಿದ್ದವು. ಒಂದರಲ್ಲಿ ಡ್ರೈವರ್ ಸೀಟಿನ ಮೇಲ್ಗಡೆ ಹೂವಿನ ಹಾರ ಹಾಕಿದ ಈಶ್ವರನ ದೊಡ್ಡ ಪಟ. ಅತ್ತೆ ಅದನ್ನು ನೋಡಿ, "ಇದೇ ಕಣೇ ಕುಣಿಗಲ್ ಬಸ್ಸು, ಹೋದ ವರ್ಷಾನೂ ಇದೇ ಪಟ ಇತ್ತು" ಎಂದರು.

"ಬೋರ್ಡು ನೋಡ್ತೀನಿ ಇರಿ ಅತ್ತೆ" ಎಂದೆ.

"ಬೋರ್ಡು ಬರಿಯೋನು ಮನುಷ್ಯ, ತಪ್ಪು ಬರೀಬೋದು. ಪಟದಾಗೆ ಕೂತಿರೋನು ತಪ್ತಾನಾ? ಹತ್ತು."

ನಮ್ಮ ಯಜಮಾನರನ್ನು ಕೈಹಿಡಿದು ಹತ್ತಿಸಿದ್ದಾಯಿತು. ಕಂಡಕ್ಟರ್ ಬಂದು "ಎಲ್ಲಿಗೆ?" ಎಂದ. ಅತ್ತೆ ನನ್ನ ತೊಡೆ ಚಿವುಟಿದರು. ದೇವರ ಕೆಲಸಕ್ಕೆ ಹೊರಟವರನ್ನು ಎಲ್ಲಿಗೆ ಎಂದು ಕೇಳಲೂಬಾರದು, ಕೇಳಿದರೆ ಹೇಳಲೂಬಾರದು, ಹೇಳಿದರೆ ಹೋದ ಕೆಲಸ ಕೆಡುತ್ತದೆ ಎಂಬುದು ಅವರ ಶಾಸ್ತ್ರ. "ಕೊನೇ ಸ್ಟಾಪು, ಮೂರು" ಎಂದೆ. ಅವನು ತಲೆ ಕೆಡಿಸಿಕೊಳ್ಳದೆ ಟಿಕೆಟ್ ಹರಿದುಕೊಟ್ಟ. ಬಸ್ಸು ಹತ್ತಿದರೆ ನನಗೆ ತಲೆ ಸುತ್ತುತ್ತದೆ, ನಿಂಬೆಹಣ್ಣು ಮೂಗಿಗೆ ಹಿಡಿದು ಕಣ್ಣು ಮುಚ್ಚಿದೆ. ಅತ್ತೆ ಜಪಕ್ಕೆ ಕಣ್ಣು ಮುಚ್ಚಿದರು. ಯಜಮಾನರು ಸುಸ್ತಿಗೆ ಕಣ್ಣು ಮುಚ್ಚಿದರು. ಮೂರು ಜನದಲ್ಲಿ ಒಬ್ಬರಾದರೂ ದಾರಿ ನೋಡಬೇಡವೇ?

"ಎಲ್ಲಾ ಇಳೀರಿ, ಗುಬ್ಬಿ ಬಂತು!" ಎಂಬ ಕೂಗಿಗೆ ಎಚ್ಚರವಾಯಿತು. ಕುಣಿಗಲ್ ಕೆರೆ ಕಾಣುತ್ತದೆಂದು ಬಗ್ಗಿ ನೋಡಿದೆ. ಕೆರೆಯೂ ಇಲ್ಲ, ಏರಿಯೂ ಇಲ್ಲ. "ಕುಣಿಗಲ್ ಯಾವಾಗಪ್ಪ ಬರೋದು?" ಎಂದು ಕಂಡಕ್ಟರನ್ನು ಕೇಳಿದೆ.

"ಅದು ಬರಲ್ಲ ತಾಯಿ, ನೀವೇ ಹೋಗ್ಬೇಕು" ಎಂದ.

ಅತ್ತೆ ಪಟದ ಕಡೆ ಕೈ ತೋರಿಸಿದರು. "ಇದು ಕುಣಿಗಲ್ ಬಸ್ಸಿನ ದೇವ್ರಲ್ವೇನಪ್ಪಾ?"

"ಡ್ರೈವರ್ ಅಣ್ಣನ ದೇವ್ರು ಕಣಜ್ಜಿ. ಅವ್ರನ್ನ ಈ ಲೈನಿಗೆ ಹಾಕವ್ರೆ. ಅವ್ರು ಎಲ್ಲಿಗೆ ಹೋದ್ರೂ ಪಟಾನೂ ಜೊತೇಲೇ ತಗೊಂಡ್ ಹೋಗ್ತಾರೆ."

ಅತ್ತೆ ಮುಖ ಸಣ್ಣಗಾಯಿತು. ನನಗೆ ಅವರ ಮೇಲೆ ಸಿಟ್ಟು, ನನ್ನ ಮೇಲೆ ಅದಕ್ಕಿಂತ ಹೆಚ್ಚು ಸಿಟ್ಟು. ವಾಪಸು ಬಸ್ಸು ಮಧ್ಯಾಹ್ನಕ್ಕೆ. ಯಜಮಾನರಿಗೆ ನಿಲ್ಲಲೂ ಶಕ್ತಿಯಿರಲಿಲ್ಲ. ಕಂಡಕ್ಟರೇ ಪಾಪ, ಅವರಿಗೆ ಹೆಗಲು ಕೊಟ್ಟು ಹತ್ತಿರದ ಛತ್ರದ ಜಗಲಿಗೆ ತಂದು ಕೂರಿಸಿ ಹೋದ. ಕಂಬಕ್ಕೆ ಒರಗಿದ ಅವರ ಬಿಳಿಚಿದ ಮುಖ ನೋಡಿ, ಇವರನ್ನು ಕೊಲ್ಲುವುದಕ್ಕೇ ಮನೆಯಿಂದ ಎಬ್ಬಿಸಿಕೊಂಡು ಬಂದೆವೇ ಎನ್ನಿಸಿತು. ಇಷ್ಟು ನಂಬಿದವರನ್ನು ದಾರಿ ತಪ್ಪಿಸಿದೆಯಲ್ಲ ಎಂದು ದೇವರನ್ನು ಬಾಯಿಗೆ ಬಂದಂತೆ ಅಂದೆ. ಇದನ್ನು ಮುಚ್ಚಿಟ್ಟರೆ ಈ ಬರಹಕ್ಕೆ ಅರ್ಥವಿಲ್ಲ.

ಗಾಯದ ಮೇಲೆ ಬರೆ ಎಂಬಂತೆ, ಆ ಛತ್ರದಲ್ಲಿ ಒಂದು ನಾಟಕದ ಕಂಪನಿ ಬಿಡಾರ ಮಾಡಿತ್ತು! ಅಂಗಳದಲ್ಲಿ ಹಾರ್ಮೋನಿಯಂ ಶುರುವಾಯಿತು. ಹಗಲು ತಾಲೀಮು. ನಾನು ಹರಕೆ ನೆನೆದು ಸರ್ರನೆ ಗೋಡೆಗೆ ಮುಖ ಮಾಡಿ ಕೂತೆ. ಕಣ್ಣಿಗೆ ಹರಕೆಯಿತ್ತು, ಕಿವಿಗೆ ಇರಲಿಲ್ಲ.

ಹಾಸ್ಯದ ಪಾರ್ಟಿನವನು ಮದುವೆಮನೆಗೆ ಕರೆಯದೆ ಬಂದ ನೆಂಟನಾಗಿ, ಬರಿಯ ಬಾಳೆ ಎಲೆಯ ಮುಂದೆ ಕೂತು ಉಣ್ಣುವ ನಟನೆ ಮಾಡುತ್ತಿದ್ದನೆಂದು ಸದ್ದಿನಲ್ಲೇ ತಿಳಿಯಿತು. "ಮಜ್ಜಿಗೆ ಬಂತಾ? ಹಾಕಿ, ಹಾಕಿ! ಈಗ ಸಾರು ಬರ್ಲಿ!" ಎಂದು ಸೊರ್ ಸೊರ್ ಎನ್ನಿಸಿದ.

"ಅಲ್ರೀ ಸ್ವಾಮಿ," ಎಂದಿತು ಒಂದು ಸಣ್ಣ ದನಿ. "ಮಜ್ಜಿಗೆ ಆದ್ಮೇಲೆ ಸಾರು ಹೆಂಗ್ರೀ ಬರುತ್ತೆ? ನಮ್ ಕಡೆ ಯಾವ ಮದ್ವೇಲೂ ಹಂಗೆ ಬಡಿಸಲ್ಲ."

ನಮ್ಮ ಯಜಮಾನರ ದನಿ! ಅಷ್ಟುದ್ದ ಮಾತು ಅವರ ಬಾಯಿಂದ ಕೇಳಿ ಎಷ್ಟು ದಿನವಾಗಿತ್ತು. ನನ್ನ ಬೆನ್ನು ನೆಟ್ಟಗಾಯಿತು.

"ತಪ್ಪು ಹಿಡಿಯೋದು ನೋಡಿದ್ರೆ ಮೇಷ್ಟ್ರೇ ಇರ್ಬೇಕು. ಬನ್ನಿ ಸಾರ್, ನೀವೇ ಉಂಡು ತೋರ್ಸಿ" ಎಂದು ಅವನು ನಕ್ಕ. ಯಾರೋ ಎಲೆಯನ್ನು ಜಗಲಿಗೇ ತಂದು ಹಾಸಿದ ಸಪ್ಪಳವಾಯಿತು. ಯಜಮಾನರು ನಿಧಾನವಾಗಿ ಶುರುಮಾಡಿದರು. "ಮೊದ್ಲು ತುದಿಗೆ ಉಪ್ಪು. ಆಮೇಲೆ ಕೋಸಂಬ್ರಿ, ಪಲ್ಯ. ತೊವ್ವೆಗೆ ತುಪ್ಪ ಬೀಳೋವರ್ಗೂ ಕೈ ಹಾಕ್ಬಾರ್ದು. ಆಮೇಲೆ ಸಾರು, ಹುಳಿ..." ಹೀಗೆ ಒಂದೊಂದೇ ಹೇಳುತ್ತಾ ಹೇಳುತ್ತಾ ಮೊಸರನ್ನದ ಹತ್ತಿರ ಬಂದು ನಿಂತರು.

"ಅಮ್ಮಾ, ಬರೀ ಎಲೆ ಮೇಲೆ ಕೈಯಾಡ್ಸಿ ನಿಜವಾಗ್ಲೂ ಹಸಿವಾಯ್ತು. ಒಂದು ತುತ್ತು ಹಾಕಮ್ಮಾ."

ನಾನು ತಿರುಗಿದೆ. ಹರಕೆ ತೀರಿತೋ, ಮುರಿಯಿತೋ ಎಂದು ಯೋಚಿಸಲಿಲ್ಲ. ಎಲೆಯ ಮುಂದೆ ಯಜಮಾನರು, ಪಕ್ಕದಲ್ಲಿ ಮೀಸಲು ಗಂಟನ್ನು ಎದೆಗವಚಿಕೊಂಡ ಅತ್ತೆ. ಹಬ್ಬದ ದಿನ ನೈವೇದ್ಯಕ್ಕೆ ಮುಂಚೆ ಅಳುವ ಮಗುವಿಗೂ ಕೋಡುಬಳೆ ಕೊಡದ ಹೆಂಗಸು ಅವರು. ನಾನು ಬಾಯಿ ಬಿಡುವುದರೊಳಗೆ ಅವರೇ ಮೇಲೆ ನೋಡಿದರು.

"ಶಂಕರೇಶ್ವರಾ, ಪಟದಾಗೆ ಕೂತು ಇಲ್ಲಿಗೆ ಕರ್ಕೊಂಡ್ ಬಂದೋನು ನೀನು. ಈಗ ಕೇಳ್ತಿರೋನೂ ನೀನೇ ಅಂದ್ಕೊಂಡು ಹಾಕ್ತೀನಿ. ತಪ್ಪಾದ್ರೆ ಶಿಕ್ಷೆ ನಂಗಿರ್ಲಿ, ಮಗನ್ನ ಮುಟ್ಬೇಡ." ಗಂಟು ಬಿಚ್ಚಿ, ಎಲೆಗೆ ಬುತ್ತಿ ಹಾಕಿದರು.

ಯಜಮಾನರು ತುತ್ತು ಬಾಯಿಗಿಟ್ಟರು. ಅಗಿದರು. ಹುಬ್ಬು ಗಂಟಿಕ್ಕಿತು. ನನ್ನ ಕಡೆ ನೋಡಿ, "ಉಪ್ಪೇ ಹಾಕಿಲ್ವಲ್ಲೇ!" ಎಂದರು.

ನಿಜ, ಗಡಿಬಿಡಿಯಲ್ಲಿ ಮರೆತಿದ್ದೆ. ರುಚಿ ನೋಡುವಂತಿದ್ದರೆ ತಾನೇ ತಿಳಿಯುವುದು? ಆದರೆ ಮಣ್ಣು ಮಣ್ಣು ಎನ್ನುತ್ತಿದ್ದ ನಾಲಿಗೆಗೆ ಉಪ್ಪಿಲ್ಲವೆಂದು ಗೊತ್ತಾಯಿತಲ್ಲ! ನಾನು ನಗಲು ಹೋಗಿ ಜೋರಾಗಿ ಅತ್ತುಬಿಟ್ಟೆ. ಕಂಪನಿಯ ಅಡಿಗೆಯವರು ಓಡಿ ಉಪ್ಪು ತಂದರು. ಐದು ತುತ್ತು ಉಂಡರು. ಆರನೆಯದಕ್ಕೆ ಕೈ ನೀಡಿದಾಗ ಅತ್ತೆ, "ಸಾಕು ಮಗಾ, ಕರುಳು ಇನ್ನೂ ಎಳೇದು" ಎಂದು ತಡೆದು, ಉಳಿದದ್ದನ್ನು ಕಂಪನಿಯವರಿಗೆಲ್ಲ ಒಂದೊಂದು ಹಿಡಿ ಹಂಚಿಬಿಟ್ಟರು.

ಸಂಜೆಗೆ ಕುಣಿಗಲ್ ಸೇರಿ ನೆಂಟರ ಮನೆಯಲ್ಲಿ ಉಳಿದು, ಮರುದಿನ ಗಾಡಿಯಲ್ಲಿ ಹುತ್ರಿದುರ್ಗಕ್ಕೆ ಹೋದೆವು. ಯಜಮಾನರನ್ನು ಕೆಳಗೆ ಊರಲ್ಲಿ ಕೂರಿಸಿ ನಾವಿಬ್ಬರೂ ಬೆಟ್ಟ ಹತ್ತಿದೆವು. ಬೇರೆ ಬುತ್ತಿ ಮಾಡಿಕೊಡುತ್ತೇನೆಂದರೂ ಅತ್ತೆ ಒಪ್ಪಿರಲಿಲ್ಲ. ಬೆಳಗಿದ ಖಾಲಿ ಡಬರಿಯನ್ನೇ ದೇವರ ಮುಂದಿಟ್ಟು, "ನೀನು ಕಳಿಸಿದ ಕಡೆ ಕೊಟ್ಟು ಬಂದಿದೀನಿ. ಮುಟ್ತಲ್ಲಪ್ಪಾ?" ಎಂದರು. ಪೂಜಾರಿಗಳು ಏನೂ ಕೇಳದೆ ಅದರೊಳಕ್ಕೆ ಒಂದು ಹೋಳು ಕಾಯಿ, ಎರಡು ಬಾಳೆಹಣ್ಣು ಹಾಕಿ ಕೊಟ್ಟರು. ಇಳಿಯುವಾಗ ಅತ್ತೆ ದಾರಿಯುದ್ದಕ್ಕೂ ನನ್ನ ಕೈ ಬಿಡಲಿಲ್ಲ.

ಇದೆಲ್ಲ ಆಗಿ ಎಂಟು ವರ್ಷವಾಯಿತು. ಅತ್ತೆ ಈಗಿಲ್ಲ. ಪ್ರತಿ ಕಾರ್ತಿಕದಲ್ಲಿ ಅದೇ ಡಬರಿ ತುಂಬಿಕೊಂಡು ಹೊರಡುತ್ತೇವೆ. ದಾರಿಯಲ್ಲಿ ಹಸಿದವರು ಕೇಳಿದರೆ ಗಂಟು ಬಿಚ್ಚುತ್ತೇನೆ, ಬೆಟ್ಟಕ್ಕೆ ಎಷ್ಟು ಉಳಿದರೆ ಅಷ್ಟು. ಬಸ್ಸಿನ ಬೋರ್ಡನ್ನೂ ಓದುತ್ತೇನೆ, ಪಟಕ್ಕೂ ಕೈ ಮುಗಿಯುತ್ತೇನೆ. ಕಷ್ಟದಲ್ಲಿರುವ ಅಕ್ಕತಂಗಿಯರೇ, ದಾರಿ ತಪ್ಪಿತೆಂದು ದೇವರನ್ನು ಬೈಯುವ ಮೊದಲು ಒಂದು ಗಳಿಗೆ ಕಾದು ನೋಡಿ ಎಂದು ಹೇಳಲಷ್ಟೇ ಇದನ್ನು ಬರೆದೆ.

ಇವತ್ತು ಮಧ್ಯಾಹ್ನ ಯಜಮಾನರು ಮೊದಲ ತುತ್ತಿಗೇ, "ಉಪ್ಪು ಕಮ್ಮಿ ಕಣೇ" ಎಂದರು. ಉಪ್ಪಿನ ಜಾಡಿ ತರಲು ಎದ್ದವಳು, ಅವರಿಗೆ ಕಾಣದ ಹಾಗೆ ಬೆಟ್ಟದ ದಿಕ್ಕಿಗೆ ಕೈ ಮುಗಿದೆ.