ತತ್ತಿ ಹೊತ್ತ ಜೇಡ

ನನ್ನ ಹಳೆಯ ಡೈರಿಯಲ್ಲಿ ಫಸಲಿ ೧೩೫೫, ಬಹ್ಮನ್ ೫ ಎಂದಿದೆ. ನಿಜಾಮರ ಕಾಲದ ಲೆಕ್ಕ; ಅಂದರೆ ೧೯೪೫ರ ಡಿಸೆಂಬರ್. ಹಾಲು ಕುಡಿಯುವ ಮಗಳನ್ನು ಯಾದಗಿರಿಯಲ್ಲಿ ಅತ್ತೆಯ ಬಳಿ ಬಿಟ್ಟು ಸುರಪುರದ ಶಾಲೆಗೆ ಕಲಿಸಲು ಬಂದಿದ್ದೆ. ನನ್ನ ಬಾಡಿಗೆ ಕೋಣೆಯ ಗೋಡೆಯ ಮೇಲೆ ಅಂಗೈಯಗಲದ ಜೇಡ ಕಂಡು ಮನೆಯೊಡತಿ ಕಸಬರಿಗೆ ಎತ್ತಿದಳು.

“ಹೊಡೀಬ್ಯಾಡವಾ,” ಎಂದೆ. ಕಾಲೇಜಿನಲ್ಲಿ ಓದಿದ್ದನ್ನು ಹೇಳುವ ಹುಮ್ಮಸ್ಸು. “ಇದು ಬಲಿ ಹೆಣಿಯೂದಿಲ್ಲ, ಬ್ಯಾಟಿ ಆಡತೈತಿ. ಈಗ ಹೊಟ್ಟಿ ಕೆಳಗ ತತ್ತಿ ಚೀಲ ಅವಚ್ಕೊಂಡೈತಿ. ಮರಿ ಬರೂತನಕ ಉಪಾಸ ಇದ್ದರೂ ಬಿಡಂಗಿಲ್ಲ.”

ಅವಳು ನನ್ನ ಒದ್ದೆ ಕುಪ್ಪಸ ನೋಡಿದಳು. “ಹೌದೇನ್ರಿ? ಮತ್ತ ನಿಮ್ಮ ಕೂಸು ಎಲ್ಲೈತ್ರಿ ಬಾಯಾರ?”

ಅದು ಮಗಳಿಗೆ ಹಸಿವಾಗುವ ಹೊತ್ತು. ಆದರೂ ನಾನು ನೌಕರಿ ಬಿಡಲಿಲ್ಲ. ಮಾತು ಬಂದಾಗ ಮಗಳು ‘ಅವ್ವ’ ಎಂದದ್ದು ಅತ್ತೆಯನ್ನು. ಮೈದುನರಿಂದ ಕಲಿತು ನನ್ನನ್ನು ‘ವೈನಿ’, ಅಂದರೆ ಅತ್ತಿಗೆ, ಎಂದಳು. ಇಂದಿಗೂ ಹಾಗೆಯೇ ಕರೆಯುತ್ತಾಳೆ.