ಗ್ಲೆನಿಸ್ ತಮ್ಮನನ್ನು ಪಾಲುದಾರನನ್ನಾಗಿ ಮಾಡಿಕೊಂಡದ್ದು

ಪೋರ್ತ್‌ಮಡೋಗ್ ಬಂದರಿನ ಹಿಂದಿನ ಬೀದಿಯಲ್ಲಿ ಗ್ಲೆನಿಸ್ ಹಳೆಯ ಸೋಫಾ, ಕುರ್ಚಿಗಳಿಗೆ ಹೊಸ ಬಟ್ಟೆ ಹೊದಿಸುವ ಅಂಗಡಿಯನ್ನು ವರ್ಷಗಟ್ಟಲೆ ಒಬ್ಬಳೇ ನಡೆಸಿದವಳು. ಭುಜ ಕೈಕೊಟ್ಟ ಮೇಲೆ ಭಾರ ಎತ್ತುವುದು ಅವಳಿಂದಾಗಲಿಲ್ಲ. ಅದೇ ಸಮಯಕ್ಕೆ ತಮ್ಮ ಎಮ್ರಿಸ್ ದುಡಿಯುತ್ತಿದ್ದ ಸ್ಲೇಟು ಕಲ್ಲಿನ ಗಣಿ ಮುಚ್ಚಿತು. ಅಕ್ಕನ ಕೈಯಿಂದ ಸಂಬಳ ತೆಗೆದುಕೊಳ್ಳಲು ಅವನಿಗೆ ಮಾನ ಅಡ್ಡ ಬಂತು. ಅದಕ್ಕೇ ಅವಳು ಅರ್ಧ ಪಾಲು ಕೊಟ್ಟಳು.

ತೆರಿಗೆ ಲೆಕ್ಕ ನೋಡುವ ಬೆವನ್ ಆಗಲೇ ಎಚ್ಚರಿಸಿದ್ದ. ಪಾಲುದಾರಿಕೆಗೆ ಬೇರೆ ನೋಂದಣಿ, ಬೇರೆ ತೆರಿಗೆ ಸಂಖ್ಯೆ. ಸಂಸ್ಥೆಗೊಂದು, ಇಬ್ಬರಿಗೂ ಒಂದೊಂದು ಲೆಕ್ಕಪತ್ರ.

"ಇರೋರು ಇಬ್ರು. ಲೆಕ್ಕ ಮೂರು ಯಾಕೆ?" ಎಂದು ಗ್ಲೆನಿಸ್ ರೇಗಿದ್ದಳು. ಆ ರೇಗಾಟದಲ್ಲಿ ಅವನು ಮುಂದೆ ಹೇಳಿದ್ದು ತಲೆಗೇ ಹೋಗಲಿಲ್ಲ, ಬರೀ ಹೂಂ ಅಂದಿದ್ದಳು.

ಅಂಗಡಿಯ ವ್ಯಾನು ಹಳೆಯದಾಗಿತ್ತು. ಹೊಸದು ಕೊಳ್ಳೋಣವೆಂದು ಎಮ್ರಿಸ್ ತನ್ನ ಪಾಲಿನ ಲಾಭದಲ್ಲಿ ಮನೆಖರ್ಚಿಗಷ್ಟು ತೆಗೆದುಕೊಂಡು ಉಳಿದದ್ದನ್ನೆಲ್ಲ ಅಂಗಡಿಯ ಖಾತೆಯಲ್ಲೇ ಬಿಟ್ಟ. ಎರಡನೆಯ ಚಳಿಗಾಲದಲ್ಲಿ ತೆರಿಗೆಯ ಕಾಗದ ಬಂತು. ಅವನು ಅದನ್ನು ಅವಳ ಹೊಲಿಗೆ ಯಂತ್ರದ ಮೇಲೆ ಕುಕ್ಕಿದ.

"ಕೈಗೇ ಬರದ ದುಡ್ಡಿಗೂ ತೆರಿಗೆನಾ? ಏನು ಮಾಡಿದ್ದೀಯ ಗ್ಲೆನಿಸ್, ನನ್ನ ಹೆಸರಲ್ಲಿ?"

ಕಳ್ಳಿ ಎಂದು ಬಾಯಿಬಿಟ್ಟು ಅನ್ನಲಿಲ್ಲ, ಅಷ್ಟೇ. ಅವಳಿಗೆ ಮೈಯೆಲ್ಲ ಉರಿಯಿತು. ಕೋಟು ಹಾಕಿಕೊಂಡು, ಅವನನ್ನು ಹೆಚ್ಚುಕಡಿಮೆ ಎಳೆದುಕೊಂಡೇ ಬೆವನ್ ಬಳಿ ಹೋದಳು.

"ನಿಮ್ಮ ಪಾಲಿನ ಲಾಭ ನಿಮ್ಮ ಆದಾಯ. ತಗೊಂಡ್ರೂ ಅಷ್ಟೇ, ಬಿಟ್ರೂ ಅಷ್ಟೇ," ಎಂದ ಬೆವನ್. "ಜೊತೆಗೆ ಮುಂದಿನ ವರ್ಷದ ತೆರಿಗೆಯ ಮೊದಲ ಕಂತೂ ಇದರಲ್ಲೇ ಸೇರಿದೆ."

"ಮುಂದಿನ ವರ್ಷ ನಾನು ಬದುಕಿರ್ತೀನಿ ಅಂತ ಅವರಿಗೆ ಯಾರು ಹೇಳಿದ್ದು?"

"ಸತ್ರೂ ಲೆಕ್ಕ ಕೊಡ್ಲೇಬೇಕು. ನೀವಲ್ಲ, ನಿಮ್ಮ ಹೆಂಡತಿ."

ಎಮ್ರಿಸ್‌ಗೆ ನಗು ಬರಲಿಲ್ಲ. "ಹಾಗಾದ್ರೆ ಪಾಲುದಾರಿಕೇನೇ ಬಿಡ್ತೀನಿ."

"ಬಿಡಿ. ಅದಕ್ಕೂ ಬೇರೆ ಕಾಗದಪತ್ರ ಇದೆ."

"ಇದನ್ನೆಲ್ಲ ಮೊದಲೇ ಹೇಳೋಕೇನಾಗಿತ್ತು?"

ಬೆವನ್ ಗ್ಲೆನಿಸ್ ಕಡೆ ನೋಡಿದ.

"ಹೇಳಿದ್ರು, ನಾನೂ ಹೂಂ ಅಂದಿದ್ದೆ," ಎಂದಳು ಅವಳು. "ಹೂಂ ಅಂದವರಿಗೆಲ್ಲ ಅರ್ಥ ಆಗಿರುತ್ತಾ?"

ವ್ಯಾನಿಗೆಂದು ಇಟ್ಟದ್ದು ತೆರಿಗೆಗೆ ಹೋಯಿತು. ಎಮ್ರಿಸ್ ಕೆಲಸಕ್ಕೇನೋ ಬರುತ್ತಿದ್ದ, ಚಹಾ ಮಾತ್ರ ಹಳೆಯ ವ್ಯಾನಿನಲ್ಲಿ ಒಬ್ಬನೇ ಕುಳಿತು ಕುಡಿಯುತ್ತಿದ್ದ. ಕೊನೆಗೆ ಒಂದು ದಿನ ಗ್ಲೆನಿಸ್ ಕತ್ತರಿ ಕೆಳಗಿಟ್ಟು, "ನಿನಗೆ ಮೊದಲೇ ತಿಳಿಸಬೇಕಿತ್ತು. ನನ್ನದೇ ತಪ್ಪು. ಈಗ ಇರ್ತೀಯೋ ಹೋಗ್ತೀಯೋ, ಅದನ್ನಾದ್ರೂ ಹೇಳು," ಎಂದಳು.

"ಇರ್ತೀನಿ," ಎಂದ ಎಮ್ರಿಸ್. "ಆದ್ರೆ ಸಂಸ್ಥೆಯ ಲೆಕ್ಕಪತ್ರ ಇನ್ನು ನಾನೇ ನೋಡ್ಕೋತೀನಿ. ನೀನು ಹೂಂ ಅನ್ನೋದೂ ಬೇಡ."

ಅಲ್ಲಿಂದ ಅವಳಿಗೆ ಇನ್ನೊಂದು ಕಾಟ ಶುರುವಾಯಿತು. ತೆರಿಗೆಗೆಂದು ಬೇರೆ ಖಾತೆ ತೆರೆದದ್ದೇನೋ ಒಳ್ಳೆಯದೇ. ಆದರೆ ಈಗ ಎಮ್ರಿಸ್ ಚಹಾ ಹೊತ್ತಿಗೆ ನಿಯಮಗಳನ್ನೆಲ್ಲ ಗಟ್ಟಿಯಾಗಿ ಓದುತ್ತಾನೆ, ನಡುನಡುವೆ ಬೆವನ್‌ಗೆ ಫೋನು ಮಾಡಿ ವಾದಕ್ಕಿಳಿಯುತ್ತಾನೆ.

"ತೆರಿಗೆ ಎಷ್ಟಾದ್ರೂ ಕಟ್ತೀನಿ ಕಣೋ," ಎನ್ನುತ್ತಾಳೆ ಗ್ಲೆನಿಸ್. "ಅದನ್ನ ಓದಿ ಮಾತ್ರ ಹೇಳ್ಬೇಡ."